ಹನ್ನೊಂದು ಮೀಟರು ವೆಲ್ವೆಟ್ಟು

ಸತ್ತ ಟ್ರ್ಯಾಮ್ ಚಾಲಕನ ಮನೆ ಖಾಲಿ ಮಾಡಿದವರು
ಬಾವುತಿಯ ಸಂತೆಯಲ್ಲಿ ನೆಲದ ಮೇಲೆ ಹರವಿದ್ದರು:
ಮೂರು ಗಡಿಯಾರ, ಅಕಾರ್ಡಿಯನ್ನಿನ ಒಂಟಿ ಪಟ್ಟಿ,
ಬಾಟಲಿ ಹಸಿರಿನ ಪರದೆ ಬಟ್ಟೆ, ಹನ್ನೊಂದು ಮೀಟರು.
ಕೈಯಾಡಿಸಿದೆ. ಬೆಕ್ಕಿನ ಬೆನ್ನಿನ ಹಾಗೆ
ಒಂದು ಕಡೆಗೆ ಒಪ್ಪಿಗೆ, ಎದುರು ಸವರಿದರೆ ಮುನಿಸು.
ನಲವತ್ತು ಝ್ಲೋಟಿ.
"ವಾಸನೆಯೇ? ಕಿಟಕಿ ತೆರೆದಿಡಿ, ತಾನೇ ಹೋಗುತ್ತದೆ,"
ಅಂದ ಮಾರುವವನ ತುಟಿಯಲ್ಲೂ ಒಂದು ಉರಿಯುತ್ತಿತ್ತು.

ನಾನು ಬಿಟ್ಟು ಅಂದಿಗೆ ನೂರಾ ಎರಡು ದಿನ.

ಟ್ರ್ಯಾಮಿನಲ್ಲಿ ಪಕ್ಕದ ಹುಡುಗಿ ಎದ್ದು ಬೇರೆ ಸೀಟಿಗೆ ಹೋದಳು.
ನಾನಲ್ಲ ಮಗಳೇ, ಇದು, ಅನ್ನಬೇಕೆನಿಸಿತು
ಮಡಿಲಲ್ಲಿದ್ದ ಗಂಟು ತೋರಿಸಿ.
ನಲವತ್ತು ವರ್ಷ ನಾನೇ ಆಗಿದ್ದೆನಲ್ಲ, ಸುಮ್ಮನಾದೆ.

ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುವವರು
ಬಂದು ನನ್ನ ಬಚ್ಚಲು ನೋಡಲಿ.
ಮೊದಲ ನೀರು ಕಡು ಚಹಾ.
ಮೂರನೆಯದೂ ಹಳೇ ಪತ್ರಿಕೆಯ ಬಣ್ಣ.
ವಿನೆಗರ್ ಸುರಿದೆ: ಸೌತೆಕಾಯಿಯ ಉಪ್ಪಿನ ಜಾಡಿಯೊಳಗೆ ಕೂತು
ಯಾರೋ ಸಿಗರೇಟು ಸೇದಿದಂತಾಯಿತು.
ಸೋಡಾಪುಡಿ ಚಿಮುಕಿಸಿ ರಾತ್ರಿಯಿಡೀ ಸುತ್ತಿಟ್ಟೆ,
ಬೆಳಗ್ಗೆ ಕೊಡವಿದಾಗ
ಬಾಲ್ಕನಿಯ ಮೇಲೆ ಎರಡನೇ ಸಲ ಹಿಮ ಬಿತ್ತು.
ಫೆಬ್ರವರಿಯ ಚಳಿಗೆ ಮೂರು ದಿನ ನೇತುಹಾಕಿದೆ.
ಹಲಗೆಯಂತೆ ಸೆಟೆದು ನಿಂತಿತು, ಮೂಕವಾಗಿ.
ಗೆದ್ದೆ ಅಂದುಕೊಂಡೆ.
ಒಳಗೆ ತಂದು ಮೆತ್ತಗಾದದ್ದೇ ತಡ, ಕೆಮ್ಮಿತು.

ಮೇಲಿನ ಮಹಡಿಯ ಪಾನಿ ಗೆನೊವೆಫಾ
ಒಪೆರಾದಲ್ಲಿ ಮೂವತ್ತು ವರ್ಷ ಗಾಯಕರ ಬೆವರು ಸಂಭಾಳಿಸಿದವಳು.
"ವೋಡ್ಕಾ," ಅಂದಳು. "ಅಗ್ಗದ್ದೇ ಸಾಕು, ತುಂತುರು ಹೊಡಿ.
ರಾಜನ ನಿಲುವಂಗಿಗೂ ಅದೇ, ಸಿಪಾಯಿಯ ಷರಾಯಿಗೂ ಅದೇ."
ಗೇಣಿಗೊಂದು ತುಂತುರು ಬಟ್ಟೆಗೆ,
ಮಾರಿಗೊಂದು ಗುಟುಕು ನಮಗೆ.
ಹನ್ನೊಂದನೆಯ ಮೀಟರು ಮುಟ್ಟುವಷ್ಟರಲ್ಲಿ
ಇಬ್ಬರ ಮೂಗಿಗೂ ಲೋಕದಲ್ಲಿ ಯಾವ ವಾಸನೆಯೂ ಇರಲಿಲ್ಲ.

ನೂರಾ ಹದಿಮೂರನೆಯ ದಿನ, ಇಸ್ತ್ರಿ.
ಮಂಗಳವಾರ ಬೊಂಬೆಯಾಟದವರು ಬರುತ್ತಾರೆ,
ಅವರ ನರಿಗೂ ಅಜ್ಜಿಗೂ ಮರೆಯಾಗಲು ಪರದೆ ಬೇಕು.
ವೆಲ್ವೆಟ್ಟಿಗೆ ಇಸ್ತ್ರಿ ಮುಖದ ಮೇಲಲ್ಲ, ಬೆನ್ನ ಮೇಲೆ,
ಕೆಳಗೆ ಟವೆಲು ಹಾಸಿ, ಮುಟ್ಟಿಯೂ ಮುಟ್ಟದ ಹಾಗೆ.
ಹಬೆ ಎದ್ದಿತು.
ಅದರ ಬೆನ್ನಿಗೇ ಅದೂ ಎದ್ದಿತು,
ಅಷ್ಟು ನೀರು, ಹುಳಿ, ಚಳಿ, ಹೆಂಡ ದಾಟಿಕೊಂಡು,
ತೆಳ್ಳಗೆ, ತುಸು ಸಿಹಿಯಾಗಿ:
ರಾತ್ರಿ ಪಾಳಿ ಮುಗಿಸಿ, ಗಿರಣಿಯ ಗೇಟಿನಾಚೆ,
ಕಿವಿಯಲ್ಲಿನ್ನೂ ಮಗ್ಗ ಬಡಿಯುತ್ತಿರುವಾಗ
ಹಲೀನಾ ಗೀರಿದ ಕಡ್ಡಿಗೆ ನನ್ನದನ್ನೂ ಒಡ್ಡಿದ ಹಾಗೆ.

ಸುಕ್ಕು ಹೋಗಿತ್ತು.
ಮತ್ತೆ ಅಲ್ಲೇ ಆಡಿಸಿದೆ.
ಸುಕ್ಕು ಹೋಗಿತ್ತು. ಇನ್ನೊಂದು ಸಲ.
ಬಗ್ಗಿದೆ. ಕಣ್ಣು ಮುಚ್ಚಿದೆ. ಕೈ ನಿಂತಿತು.

ಸೀದ ಕಮಟಿಗೆ ಕಣ್ಣು ಬಿಟ್ಟೆ.
ಹಸಿರಿನ ಮೇಲೆ ಕಂದು ದೋಣಿ, ಚೂಪು ಮೂತಿಯದು.
ವುಚ್ ಅಂದರೆ ನಮ್ಮ ಮಾತಿನಲ್ಲಿ ದೋಣಿ,
ಅದನ್ನೇ ಊರಿನ ಹೆಸರಾಗಿಟ್ಟುಕೊಂಡು
ಇದ್ದೊಂದು ತೊರೆಯನ್ನು ನೆಲದಡಿಯ ಕೊಳವೆಗೆ ತುರುಕಿದವರು ನಾವು.
ನಗು ಬಂತು. ಆಮೇಲೆ ಮೀಟರಿನ ಲೆಕ್ಕ ನೆನಪಾಗಿ ಸಿಟ್ಟು.

ಮೆಟ್ಟಿಲ ಮೇಲಿನಿಂದ ಗೆನೊವೆಫಾ ಕೂಗಿದಳು:
"ಬೊಗುಸ್ಯಾ! ಮತ್ತೆ ಶುರು ಮಾಡಿದೆಯಾ?"
"ಇಲ್ಲ," ಅಂದೆ, ಕತ್ತರಿ ಹುಡುಕುತ್ತ,
"ಬಟ್ಟೆ ಸುಟ್ಟೆ, ಅಷ್ಟೇ."

ಬೊಂಬೆಗಳಿಗೆ ಹತ್ತೂವರೆ ಮೀಟರು ಸಾಕು.
ದೋಣಿಯನ್ನು ಗುಂಡಿಗಳ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದೆ.
ಎಲ್ಲಿದೆಯೆಂದು ಕೈಗೆ ಗೊತ್ತು.
ಕೈಗೆ ಹೇಳಿದ್ದೇನೆ,
ನಾಳೆಗೆ ನೂರಾ ಹದಿನಾಲ್ಕು.